ಹಳೇ ಮಾರುತಿ 800 ಇದೆ. ಆಟೋ ಶೋಗೆ ಓಪನ್ ಟಾಪ್ ಮಾಡೋಣವೋ, ಮೇಲಕ್ಕೆ ಎದ್ದು ತೆರೆಯುವ ಕತ್ತರಿ ಬಾಗಿಲು ಹಾಕಿಸೋಣವೋ?

ಎರಡೂ ಬೇಡ. ಡಿಪ್ಲೊಮಾ ಕೊನೆ ವರ್ಷ, ತಂಡದ ಕೈಯಲ್ಲಿ ಒಂದು 800, ಯಾವುದಕ್ಕೆ ಜನ ಜಾಸ್ತಿ ಸೇರುತ್ತಾರೆ ಅಂತ ಕೇಳಿದ್ದೀರಿ. ಓದುತ್ತಿದ್ದಂತೆ ಎದೆ ಧಸಕ್ ಅಂತು. ಇದೇ ಗಾಡಿ, ಇದೇ ಆಸೆ ನಮಗೂ ಇತ್ತು.

ನಾನು ಆಟೋಮೊಬೈಲ್ ಡಿಪ್ಲೊಮಾ ಓದಿದ್ದು ತುಮಕೂರು ಕಡೆ. ಗೆಳೆಯನ ಸೋದರಮಾವ ಹಿತ್ತಲಲ್ಲಿ ನಿಲ್ಲಿಸಿದ್ದ 800 ಅನ್ನು ಗುಜರಿ ಬೆಲೆಗೆ ಕೊಟ್ಟರು. ಆ 796 ಸಿಸಿ, ಮೂರು ಸಿಲಿಂಡರ್ ಎಂಜಿನ್ ಗಟ್ಟಿ ಜೀವ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಬ್ಯಾಟರಿ ಬದಲಾಯಿಸಿದ್ದೇ ತಡ, ಸ್ಟಾರ್ಟ್ ಆಯಿತು. ಅಲ್ಲಿಗೇ ಅರ್ಧ ಕೆಲಸ ಮುಗಿದಂತೆ ಅನ್ನಿಸಿತು. ಉಳಿದದ್ದು ಬಾಡಿ ಕೆಲಸ ತಾನೆ? ಗ್ರೈಂಡರ್ ಇದೆ, ವೆಲ್ಡಿಂಗ್ ಸೆಟ್ ಇದೆ, ಹುಡುಗರಿದ್ದಾರೆ.

ಆಗ ನಮ್ಮ ಫೋನುಗಳಲ್ಲಿ ಓಡಾಡುತ್ತಿದ್ದದ್ದು ಸ್ಕೋಡಾ ವಿದ್ಯಾರ್ಥಿಗಳ ಕಾರುಗಳ ಫೋಟೋ. ಚೆಕ್ ದೇಶದ ಮ್ಲಾಡಾ ಬೊಲೆಸ್ಲಾವ್‌ನಲ್ಲಿ ಆ ಕಂಪನಿಯದೇ ವೃತ್ತಿ ಶಾಲೆ ಇದೆ. 2014ರಲ್ಲಿ ಅಲ್ಲಿನ ಮಕ್ಕಳು ಪುಟ್ಟ ಸಿಟಿಗೋವನ್ನು ಎರಡು ಸೀಟಿನ ಓಪನ್ ಕಾರು ಮಾಡಿದರು. ಮರುವರ್ಷ ಫ್ಯಾಬಿಯಾವನ್ನು ಪಿಕಪ್ ಮಾಡಿದರು. 2018ರಲ್ಲಿ ಕರೋಕ್‌ನ ಛಾವಣಿ ತೆಗೆದು ಸನ್‌ರಾಕ್ ಅಂತ ಹೆಸರಿಟ್ಟರು. ಹದಿನೆಂಟರ ಆಸುಪಾಸಿನ ಹುಡುಗರು ಇಷ್ಟು ಮಾಡಿದ್ದಾರಲ್ಲ, ನಾವ್ಯಾಕೆ ಮಾಡಬಾರದು ಅನ್ನೋ ಹುಮ್ಮಸ್ಸು ಬಂತು. ಅವರ ಬೆನ್ನಿಗೆ ಒಂದು ಕಾರ್ಖಾನೆಯ ಡಿಸೈನ್ ಮತ್ತು ಎಂಜಿನಿಯರಿಂಗ್ ವಿಭಾಗವೇ ನಿಂತಿತ್ತು. ಅದು ಫೋಟೋದಲ್ಲಿ ಕಾಣುವುದಿಲ್ಲ.

ಈಗ ನಾವು ಮಾಡಿದ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮಗೆ ಯಾರೂ ಹೀಗೆ ಹೇಳಿರಲಿಲ್ಲ.

ಆಸರೆ ಕೊಡದೆ ಛಾವಣಿ ಕತ್ತರಿಸಿದೆವು. ಅಷ್ಟೇ. ಆದರೆ ಆ ಒಂದರೊಳಗೆ ನಾಲ್ಕು ತಪ್ಪು ಅಡಗಿದ್ದವು.

800 ಮಾನೋಕಾಕ್ ಗಾಡಿ. ಕೆಳಗೆ ಬೇರೆ ಚಾಸಿಸ್ ಅಂತ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಸಿಲೆಬಸ್‌ನಲ್ಲಿತ್ತು, ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದೆವು. ಆದರೂ ಗ್ರೈಂಡರ್ ಹಿಡಿದಾಗ ಛಾವಣಿ ಅಂದರೆ ಮಳೆ ತಡೆಯೋ ತಗಡು ಅಂತಲೇ ತಲೆಯಲ್ಲಿತ್ತು. ಚಪ್ಪಲಿ ತರುವ ರಟ್ಟಿನ ಡಬ್ಬಿ ತಗೊಳ್ಳಿ. ಮುಚ್ಚಳ ಹಾಕಿ, ಟೇಪ್ ಅಂಟಿಸಿ ತಿರುಚಿ ನೋಡಿ, ಜಗ್ಗುವುದಿಲ್ಲ. ಮುಚ್ಚಳ ತೆಗೆದು ತಿರುಚಿ, ಬಟ್ಟೆ ಹಿಂಡಿದ ಹಾಗೆ ತಿರುಗುತ್ತದೆ. ಕಾರಿನಲ್ಲೂ ಹಾಗೇ. ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ತೊಲೆ, ಅಂದರೆ ಸಿಲ್, ಮುಂದೆ ಗಾಜಿನ ಪಕ್ಕದ ಕಂಬ ಎ ಪಿಲ್ಲರ್, ಹಿಂದೆ ಎರಡು ಬಾಗಿಲ ನಡುವಿನ ಕಂಬ ಬಿ ಪಿಲ್ಲರ್, ಮೇಲೆ ಛಾವಣಿಯ ಅಂಚು, ಇವು ಸೇರಿದರೆ ಬಾಗಿಲಿನ ಜಾಗ ಒಂದು ಮುಚ್ಚಿದ ಚೌಕಟ್ಟು. ಮೇಲಿನ ಅಂಚು ಹೋದರೆ ಅಷ್ಟೂ ಭಾರ ಸಿಲ್ ಮೇಲೆ ಬೀಳುತ್ತದೆ.

ನಮ್ಮ ಗಾಡಿಯ ಸಿಲ್ ಒಳಗಿನಿಂದ ತುಕ್ಕು ಹಿಡಿದಿತ್ತು. ಹೊರಗೆ ಪುಟ್ಟಿ, ಅದರ ಮೇಲೆ ಪೇಂಟು, ನೋಡಲು ಚೆಂದ. ಪುಟ್ಟಿಗೆ ಮ್ಯಾಗ್ನೆಟ್ ಹಿಡಿಯದು, ಇಟ್ಟಿದ್ದರೆ ಜಾರಿ ಬೀಳುತ್ತಿತ್ತು. ಇಡಲಿಲ್ಲ.

ಇನ್ನು ಗಾಡಿ ನಿಲ್ಲಿಸಿದ ರೀತಿ. ಕೆಲಸಕ್ಕೆ ಎತ್ತರ ಬೇಕು ಅಂತ ಮುಂದೆ ಎರಡು, ಹಿಂದೆ ಎರಡು ಸ್ಟ್ಯಾಂಡ್ ಕೊಟ್ಟೆವು. ನಡುವೆ ಏನೂ ಇಲ್ಲ. ಕೈಗೆ ಅಡ್ಡ ಬರಬಾರದು ಅಂತ ನಾಲ್ಕೂ ಬಾಗಿಲು ಬಿಚ್ಚಿಟ್ಟೆವು. ಬಿ ಪಿಲ್ಲರ್, ಅದರ ಹಿಂದಿನ ಸಿ ಪಿಲ್ಲರ್ ಕತ್ತರಿಸಿ, ಇಬ್ಬರು ಹುಡುಗರು ಒಳಗೆ ಫ್ಲೋರ್ ಮೇಲೆ ನಿಂತು ಛಾವಣಿ ಎತ್ತಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆ ಹೊತ್ತಿಗೆ ಗಾಡಿಯ ನಡು ಕುಸಿದಿತ್ತು, ಕಣ್ಣಿಗೆ ಗೊತ್ತಾಗಲಿಲ್ಲ. ಸಂಜೆ ಬಾಗಿಲು ಕೂರಿಸಲು ಹೋದಾಗ ಗೊತ್ತಾಯಿತು. ನಡು ಇಳಿದರೆ ಎ ಪಿಲ್ಲರ್, ಬಿ ಪಿಲ್ಲರ್‌ಗಳ ತುದಿ ಒಂದರ ಕಡೆಗೊಂದು ವಾಲುತ್ತವೆ, ಬಾಗಿಲಿನ ಜಾಗ ಮೇಲ್ಗಡೆ ಕಿರಿದಾಗುತ್ತದೆ. ಲಾಕ್ ಒಂದು ಕಡೆ, ಅದು ಕೂರಬೇಕಾದ ಜಾಗ ಇನ್ನೊಂದು ಕಡೆ.

ಟಿಂಕರಿಂಗ್ ಮೇಸ್ತ್ರಿಯನ್ನು ಕರೆಸಿದೆವು. ಅವರು ಸುತ್ತ ಒಂದು ಸಲ ನೋಡಿ, "ಏನ್ರಪ್ಪಾ, ಕಂಬ ಕೊಯ್ಯೋಕೆ ಮುಂಚೆ ಪೈಪ್ ಕೊಡಬೇಕಿತ್ತಲ್ವಾ? ಈಗ ಕರೆದ್ರೆ ನಾನೇನ್ ಮಾಡ್ಲಿ?" ಅಂದರು. ಅವರ ಮಾತು ಕೇಳಿ ಹೊಸ ಬಾಡಿ ಹುಡುಕಬೇಕಿತ್ತು. ಹುಡುಕಲಿಲ್ಲ. ನಡುವೆ ಜಾಕ್ ಕೊಟ್ಟು ಎತ್ತಿ, ಅದೇ ಸ್ಥಿತಿಯಲ್ಲಿ ಕೆಳಗೆ ಸ್ಕ್ವೇರ್ ಪೈಪ್ ಇಟ್ಟು ಆರ್ಕ್ ವೆಲ್ಡಿಂಗ್ ಹೊಡೆದೆವು. ಆ ಶೀಟು ಒಂದು ಮಿಲಿಮೀಟರ್‌ಗಿಂತ ತೆಳು. ಆರ್ಕ್ ತಾಗಿದಲ್ಲೆಲ್ಲ ತೂತು ಬಿತ್ತು, ಬಿಸಿಗೆ ಫ್ಲೋರ್ ಎಳೆದುಕೊಂಡಿತು. ಎಡಗಡೆ ಸರಿಯಾಯಿತು, ಬಲಗಡೆ ಸೊಟ್ಟಗೇ ಉಳಿಯಿತು. ಪೇಂಟಿಗೆ, ಸೀಟಿಗೆ ಅಂತ ಇಟ್ಟಿದ್ದ ದುಡ್ಡೆಲ್ಲ ಇದಕ್ಕೇ ಹೋಯಿತು. ಬೆಂಗಳೂರಿನ ಶೋಗೆ ಒಯ್ಯಲು ಲಾರಿಗೆ ಹತ್ತಿಸುವಾಗ ಒಂದು ಚಕ್ರ ಮೊದಲು ಹಲಗೆ ಏರಿತು. ಬಾಡಿ ತಿರುಚಿಕೊಂಡು ಮುಂದಿನ ಗಾಜು ಸೀಳಿತು.

ಶೋನಲ್ಲಿ ಜನ ಸೇರಿದರು. ನೀವು ಕೇಳಿದ್ದು ಅದನ್ನೇ ಅಲ್ವಾ? ಸೇರಿದರು, ಸೆಲ್ಫಿ ತೆಗೆದುಕೊಂಡರು, ಮುಂದಿನ ಸ್ಟಾಲಿಗೆ ಹೋದರು. ಜಡ್ಜ್ ಬಂದು "ಬಾಗಿಲು ತೆಗೀರಿ" ಅಂದರು. ಬಲಗಡೆಯ ಎರಡೂ ಬಾಗಿಲನ್ನು ಒಳಗಿಂದ ಬೋಲ್ಟ್ ಹಾಕಿ ಬಿಗಿದಿದ್ದೆವು. ಅವರು ಬಗ್ಗಿ ಸಿಲ್ ನೋಡಿದರು, ಬರೆದುಕೊಂಡರು, ಹೋದರು. ನಮ್ಮ ತಂಡದಲ್ಲಿ ವೈರಿಂಗ್ ಮಾಡಿದ ಹುಡುಗಿ ರಾತ್ರಿಯೆಲ್ಲ ಕೂತು ಒಂದೊಂದು ವೈರಿಗೂ ಚೀಟಿ ಅಂಟಿಸಿದ್ದಳು. ಅದನ್ನು ಯಾರೂ ನೋಡಲಿಲ್ಲ. ನನಗೆ ಇವತ್ತಿಗೂ ನೋವಾಗುವುದು ಅದಕ್ಕೆ.

ಹಾಗಾಗಿ ಜನ ಸೇರುವ ಲೆಕ್ಕವನ್ನು ಬಿಡಿ. ಮುಂದೆ ನಿಮಗೆ ಕೆಲಸ ಕೊಡುವವರು ಗಾಡಿಯ ಕೆಳಗೆ ಬಗ್ಗಿ ನೋಡುವವರು. ನಾನೀಗ ಬಸ್ ಬಾಡಿ ಕಟ್ಟುವ ಕಡೆ ಇದ್ದೇನೆ. ಇಂಟರ್‌ವ್ಯೂಗೆ ಬಂದ ಹುಡುಗರಿಗೆ ನಾವು ಕೇಳುವುದು ವೆಲ್ಡಿಂಗ್ ಜಾಯಿಂಟಿನ ಫೋಟೋ, ಅಳತೆ ಬರೆದ ಪುಸ್ತಕ. ಕತ್ತರಿ ಬಾಗಿಲಂತೂ ಸುಮ್ನೆ ಖರ್ಚು. ಹಿಂಜ್ ಕಿಟ್ ಬದಲಾಯಿಸಿದರೆ ಬಾಗಿಲಿನ ಪೂರ್ತಿ ಭಾರ ಆ ತೆಳ್ಳಗಿನ ಎ ಪಿಲ್ಲರ್ ಮೇಲೆ ಬೇರೆ ದಿಕ್ಕಿನಿಂದ ಬೀಳುತ್ತದೆ. ನೀವು ಕಲಿಯುವುದೇನೂ ಇಲ್ಲ.

ನಾನಾಗಿದ್ದರೆ ಛಾವಣಿ ಮುಟ್ಟದೆ ಆ 800 ಅನ್ನು ಬೋಲ್ಟ್ ಬೋಲ್ಟ್ ಬಿಚ್ಚಿ ಹೊಸದರ ಹಾಗೆ ಕಟ್ಟುತ್ತಿದ್ದೆ. ತುಕ್ಕು ಹಿಡಿದ ಸಿಲ್ ಕತ್ತರಿಸಿ ಹೊಸ ಶೀಟು ಹಾಕಿ, ಆರ್ಕ್ ಬೇಡ, ತೆಳು ಶೀಟಿಗೆ ಹೊಂದುವ, ಸಣ್ಣ ತಂತಿಯ ಮಿಗ್ ವೆಲ್ಡಿಂಗ್ ಮಾಡಿ. ಬ್ರೇಕ್ ಪೂರ್ತಿ ಬಿಚ್ಚಿ ಕಟ್ಟಿ. ವೈರಿಂಗ್ ಅನ್ನು ನೀವೇ ಹೊಸದಾಗಿ ಎಳೆಯಿರಿ. ಸಾಮಾನಿಗೆ ಜೆ.ಸಿ. ರಸ್ತೆ ಇದೆ, ಹಳೇದಕ್ಕೆ ಶಿವಾಜಿನಗರದ ಗುಜರಿ ಇದೆ. ಈ ಗಾಡಿ ಬಂದದ್ದು 1983ರ ಡಿಸೆಂಬರ್‌ನಲ್ಲಿ, ನಿಂತದ್ದು 2014ರಲ್ಲಿ. ನಮ್ಮ ಎಷ್ಟೋ ಮನೆಗಳಿಗೆ ಇದೇ ಮೊದಲ ಕಾರು. ಚೆನ್ನಾಗಿ ಕಟ್ಟಿದ 800 ಎದುರು ಅಪ್ಪಂದಿರು ತಾವಾಗಿಯೇ ನಿಂತು ಮಾತಾಡುತ್ತಾರೆ. ಜಪಾನಿನ ಚೀಬಾದಲ್ಲಿ ನ್ಯಾಟ್ಸ್ ಅನ್ನೋ ಆಟೋಮೊಬೈಲ್ ಕಾಲೇಜಿದೆ. ಜನವರಿಯ ಟೋಕಿಯೋ ಆಟೋ ಸಲೋನ್‌ಗೆ ಅಲ್ಲಿನ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರು ತರುತ್ತಾರೆ. ಶೋ ಆದಮೇಲೆ ತಪಾಸಣೆ ಪಾಸು ಮಾಡಿಸಿ ರಸ್ತೆಗೂ ಇಳಿಸುತ್ತಾರೆ. ನನಗೆ ಇಷ್ಟವಾಗುವುದು ಆ ಕೊನೆಯ ಭಾಗ.

ನಮ್ಮಲ್ಲಿ ರಸ್ತೆಗಿಳಿಸುವ ಆಸೆ ಇದ್ದರೆ ಬಾಡಿ ಕತ್ತರಿಸುವಂತೆಯೇ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸಬಾರದು ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ದಂಡ ಬೀಳುವುದು ಆರ್‌ಸಿಯಲ್ಲಿ ಹೆಸರಿರುವವರಿಗೆ. ನಿಮ್ಮ ಗಾಡಿ ಇನ್ನೂ ಯಾರ ಹೆಸರಲ್ಲಿದೆ ಅಂತ ಇವತ್ತೇ ನೋಡಿ. ಬಣ್ಣ ಬದಲಾಯಿಸಿದರೂ ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಬೇಕು.

ಓಪನ್ ಟಾಪೇ ಬೇಕು ಅಂತ ತಂಡ ಹಟ ಹಿಡಿದರೆ, ಶೋಗೆ ಮಾತ್ರ ಅಂತ ಒಪ್ಪಿಕೊಂಡು, ಚಾಸಿಸ್ ಬೇರೆ ಇರುವ ಹಳೇ ಜಿಪ್ಸಿಯನ್ನೋ ಜೀಪನ್ನೋ ಹುಡುಕಿ. ಅವುಗಳಲ್ಲಿ ಭಾರ ಹೊರುವುದು ಕೆಳಗಿನ ಚಾಸಿಸ್.

ಅದೂ ಸಿಗದೆ 800ಕ್ಕೇ ಕೈ ಹಾಕಿದರೆ ಮಾತ್ರ ಇದನ್ನು ಓದಿ. ಗಾಡಿ ಸಮತಟ್ಟಾದ ನೆಲದಲ್ಲಿ ತನ್ನ ನಾಲ್ಕು ಚಕ್ರದ ಮೇಲೇ ನಿಂತಿರಲಿ. ಪ್ರತಿ ಬಾಗಿಲಿನ ಜಾಗದ ಎರಡೂ ಕರ್ಣ, ಅಂದರೆ ಮೂಲೆಯಿಂದ ಎದುರು ಮೂಲೆಗಿರುವ ಅಳತೆಯನ್ನು ಟೇಪ್ ಹಿಡಿದು ಗೋಡೆ ಮೇಲೆ ಬರೆಯಿರಿ. ಸಿಲ್ ಗಟ್ಟಿ ಮಾಡಿ. ಬಾಗಿಲಿನ ಜಾಗಕ್ಕೆ ಅಡ್ಡಡ್ಡ ಸ್ಕ್ವೇರ್ ಪೈಪ್, ಎಡ ಬಿ ಪಿಲ್ಲರ್‌ನಿಂದ ಬಲ ಬಿ ಪಿಲ್ಲರ್‌ಗೆ ಒಂದು, ಇಷ್ಟನ್ನೂ ವೆಲ್ಡ್ ಮಾಡಿ. ಆಮೇಲೆ ಗ್ರೈಂಡರ್ ತಗೊಳ್ಳಿ. ಒಂದೊಂದು ಪಿಲ್ಲರ್ ಕತ್ತರಿಸಿದ ಮೇಲೂ ಮತ್ತೆ ಅಳೆಯಿರಿ. ಎರಡು ಮಿಲಿಮೀಟರ್ ಹೆಚ್ಚು ಕಡಿಮೆ ಬಂದರೂ ನಿಲ್ಲಿಸಿ. ಕೆಳಗಿನ ಕೆಲಸ ಪೂರ್ತಿ ಮುಗಿಯುವವರೆಗೆ ಆ ಪೈಪುಗಳನ್ನು ತೆಗೆಯಬೇಡಿ.

ಮೊದಲು ಒಂದು ಮ್ಯಾಗ್ನೆಟ್ ತಗೊಂಡು ಎರಡೂ ಸಿಲ್ ಉದ್ದಕ್ಕೂ ಎಳೆಯಿರಿ. ಎಲ್ಲೆಲ್ಲಿ ಹಿಡಿಯಲಿಲ್ಲ ಅಂತ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಫೋಟೋ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.