ಹುಬ್ಬಳ್ಳಿ-ಧಾರವಾಡದ ಹೊಸ ಬಡಾವಣೆಗಳಲ್ಲಿ ಜನ ನಡೆದಾಡುವಂತೆ ಮಾಡುವುದು ಹೇಗೆ?

ಫುಟ್‌ಪಾತ್ ಹಾಕಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ನಡೆದು ಹೋಗುವಷ್ಟು ಹತ್ತಿರದಲ್ಲಿ ಏನಾದರೂ ಇರಬೇಕಲ್ಲ!

ಹಳೇ ಹುಬ್ಬಳ್ಳಿಯ ಓಣಿಗಳನ್ನೇ ನೋಡಿ. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಗುಡಿ ಎಲ್ಲವೂ ನಾಲ್ಕು ಹೆಜ್ಜೆಯಲ್ಲಿ ಸಿಗುತ್ತವೆ. ಸಂಜೆಯಾದರೆ ಮನೆ ಮುಂದಿನ ಕಟ್ಟೆಯ ಮೇಲೆ ಯಾರಾದರೂ ಹಿರಿಯರು ಕೂತಿರುತ್ತಾರೆ. ಅವರ ಕಣ್ಣು ಓಣಿಯ ಮೇಲಿರುವುದರಿಂದ ಮಕ್ಕಳನ್ನು ಆಡಲು ಬಿಡುವುದಕ್ಕೆ ಅಂಜಿಕೆಯಿಲ್ಲ. ಹೊಸ ಲೇಔಟ್‌ಗಳಲ್ಲಿ ಆ ಕಟ್ಟೆ ಹೋಗಿ ಎತ್ತರದ ಕಂಪೌಂಡ್ ಗೋಡೆ ಬಂತು. ನನ್ನ ಮಟ್ಟಿಗೆ ದೊಡ್ಡ ನಷ್ಟ ಇದೇ.

ಅಮೆರಿಕದ ನಗರ ಯೋಜಕ ಕ್ಲಾರೆನ್ಸ್ ಪೆರ್ರಿ 1929ರಲ್ಲಿ ನೆರೆಹೊರೆಗೊಂದು ಅಳತೆ ಕೊಟ್ಟರು: ನಡುವೆ ಶಾಲೆ, ಮನೆಗಳಿಂದ ಅಲ್ಲಿಗೆ ಸುಮಾರು ಕಾಲು ಮೈಲಿ, ದೊಡ್ಡ ರಸ್ತೆ ಅಂಚಿನಲ್ಲಿ. ಕಾಲು ಮೈಲಿ ಅಂದರೆ 400 ಮೀಟರ್, ಐದು ನಿಮಿಷದ ನಡಿಗೆ. ಇದನ್ನು ಚಿಗರಿ ಬಸ್ ನಿಲ್ದಾಣಗಳ ಸುತ್ತ ಅನ್ವಯಿಸಬಹುದು. ಅವಳಿ ನಗರದ ನಡುವೆ ಈ ಬಸ್ಸುಗಳಿಗೆಂದೇ ಮೀಸಲಾದ ಸುಮಾರು 22 ಕಿ.ಮೀ. ದಾರಿ (ಬಿಆರ್‌ಟಿಎಸ್) ಈಗಾಗಲೇ ಇದೆ. ನಿಲ್ದಾಣದಿಂದ ಮನೆಯವರೆಗೆ ನೆರಳೂ ದೀಪವೂ ಇದ್ದರೆ ಬೈಕ್ ತೆಗೆಯುವವರು ಕಡಿಮೆಯಾಗುತ್ತಾರೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಬೇವಿನ ಮರವಿಲ್ಲದ ದಾರಿಯನ್ನು ಯಾರು ನಡೆದಾರು?

ಇನ್ನು ಫುಟ್‌ಪಾತ್: ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಕನಿಷ್ಠ ಅಗಲ 1.8 ಮೀಟರ್, ಎರಡು ಗಾಲಿಕುರ್ಚಿ ಎದುರುಬದುರು ದಾಟುವಷ್ಟು. ಕಂಬ, ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಸ್ಕೂಟರ್ ಎಲ್ಲ ಕಳೆದು ಉಳಿಯಬೇಕಾದ ಅಗಲವಿದು. ಅಂಗಡಿಗೆಂದು ಮೂಲೆ ಸೈಟುಗಳನ್ನು ನಕ್ಷೆ ಬರೆಯುವಾಗಲೇ ಮೀಸಲಿಡಿ. ಮನೆಗಳೆದ್ದ ಮೇಲೆ ಜಾಗ ಸಿಗುವುದಿಲ್ಲ.