ಮೊಮ್ಮಗಳ ಪ್ರಶ್ನೆ ಮತ್ತು ‘ಸೆಟ್’

ತೀರ್ಥಹಳ್ಳಿಯಿಂದ ನಿವೃತ್ತ ಗಣಿತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: ‘ಸೆಟ್ ಅಂದರೆ ಏನಜ್ಜಿ ಎಂದು ಮೊಮ್ಮಗಳು ಕೇಳಿದಳು. ಗಣ ಎಂದೆ. ಹಾಗಾದರೆ ಸನ್‌ಸೆಟ್ ಅಂದರೆ ಸೂರ್ಯಗಣವಾ ಎಂದಳು. ನಿಘಂಟು ತೆಗೆದರೆ ಕಾಲಂಗಟ್ಟಲೆ ಅರ್ಥ. ಇವುಗಳಲ್ಲಿ ಮೂಲ ಯಾವುದು? ಇನ್ನೊಂದು ಮಾತು. ಕಳೆದ ಸಂಚಿಕೆಯ ಜಮೀನು ವ್ಯಾಜ್ಯದ ಲೇಖನದಲ್ಲಿ, ಮೇಲಿನ ನ್ಯಾಯಾಲಯ ಕೆಳಗಿನ ನ್ಯಾಯಾಲಯದ ಆದೇಶವನ್ನು ಬದಿಗಿಟ್ಟಿತು ಎಂದಿದೆ. ಆದೇಶ ರದ್ದಾಯಿತೋ, ಮುಂದಕ್ಕೆ ಹೋಯಿತೋ ತಿಳಿಯಲಿಲ್ಲ.’

ಮಾನ್ಯರೇ, ನಿಮ್ಮ ಎರಡನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ತಪ್ಪು ನಮ್ಮದು. ಕಾನೂನಿನ ಭಾಷೆಯಲ್ಲಿ ಆದೇಶವನ್ನು ‘ಸೆಟ್ ಅಸೈಡ್’ ಮಾಡುವುದೆಂದರೆ ರದ್ದುಪಡಿಸುವುದು. ಅಡುಗೆಮನೆಯಲ್ಲಿ ಅದೇ ಮಾತಿಗೆ ಎತ್ತಿಡುವುದು, ತೆಗೆದಿಡುವುದು ಎಂದರ್ಥ. ನಾವು ಅಡುಗೆಮನೆಯ ಅರ್ಥವನ್ನು ಕೋರ್ಟಿಗೆ ಒಯ್ದೆವು. ಬದಿಗಿಟ್ಟದ್ದನ್ನು ನಾಳೆ ಮತ್ತೆ ಎತ್ತಿಕೊಳ್ಳಬಹುದು, ರದ್ದಾದದ್ದು ಹಾಗಲ್ಲ. ಜಮೀನು ಕಳೆದುಕೊಳ್ಳುವ ಭಯದಲ್ಲಿರುವ ಮನುಷ್ಯ ಆ ವಾಕ್ಯವನ್ನು ಓದಿದರೆ ಅವನ ನಿದ್ದೆ ಕೆಡುತ್ತದೆ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಅಚ್ಚಾಗುತ್ತದೆ.

ಇನ್ನು ಮೊಮ್ಮಗಳ ಪ್ರಶ್ನೆ. ಇಂಗ್ಲಿಷ್ ನಿಘಂಟುಕಾರರನ್ನೇ ದಣಿಸಿದ ಪದವಿದು. 1989ರಲ್ಲಿ ಬಂದ ಆಕ್ಸ್‌ಫರ್ಡ್ ಮಹಾನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ‘ಸೆಟ್’ ಕ್ರಿಯಾಪದದ್ದೇ. ಸುಮಾರು 430 ಅರ್ಥ, 60,000 ಪದಗಳ ವಿವರಣೆ. 2011ರ ಪರಿಷ್ಕರಣೆಯಲ್ಲಿ ‘ರನ್’ ಕ್ರಿಯಾಪದ 645 ಅರ್ಥಗಳೊಂದಿಗೆ ಅದನ್ನು ಹಿಂದೆ ಹಾಕಿತು.

ಮೂಲ ಒಂದಲ್ಲ, ಎರಡು. ನಿಮ್ಮ ಉತ್ತರವೂ ಸರಿ, ಅವಳ ಅನುಮಾನವೂ ಸರಿ ಎಂದು ನಾನು ಹೇಳುವುದು ಅದಕ್ಕೇ.

ಕ್ರಿಯಾಪದವಾದ ‘ಸೆಟ್’ ಹುಟ್ಟಿದ್ದು ‘ಸಿಟ್’ನಿಂದ. ಕೂರು ಎಂಬುದಕ್ಕೆ ನಾವು ‘ಇಸು’ ಹಚ್ಚಿ ಕೂರಿಸು ಮಾಡುತ್ತೇವಲ್ಲ, ಹಳೆಯ ಇಂಗ್ಲಿಷಿನವರು ಸ್ವರ ಬದಲಿಸಿ ಅದನ್ನೇ ಮಾಡಿದರು. ಸಂಸ್ಕೃತದ ‘ಸದ್’ ಧಾತುವೂ ಇದೇ ಬೇರಿನದು ಎಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಸದನ, ಸದಸ್ಯ, ಉಪನಿಷತ್ತು, ನಮ್ಮ ಸಾಹಿತ್ಯ ಪರಿಷತ್ತಿನ ‘ಪರಿಷತ್ತು’ ಎಲ್ಲವೂ ಕುಳಿತುಕೊಳ್ಳುವುದಕ್ಕೆ ಸಂಬಂಧಪಟ್ಟವು. ಸೂರ್ಯನೂ ಅಷ್ಟೆ. ಹಳೆಯ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕಿದ್ದ ಒಂದು ಪದದ ಅರ್ಥವೇ ‘ಪೀಠಕ್ಕೆ ಹೋಗುವುದು’. ಅವರ ಸೂರ್ಯ ಸಂಜೆ ಕೂತ, ನಮ್ಮ ಸೂರ್ಯ ‘ಪಟ್ಟ’. ಹೊತ್ತು ಪಡುವ ದಿಕ್ಕು ಪಡುವಣ.

ಈ ಕೀಲಿಕೈ ಹಿಡಿದು ನೋಡಿ, ಎಷ್ಟು ಬಾಗಿಲು ತೆರೆಯುತ್ತವೆ! ಉಂಗುರಕ್ಕೆ ಹರಳು ಕೂರಿಸುತ್ತೇವೆ. ಜಾರಿದ ಮೂಳೆ ಕೂರಿಸುತ್ತಾರೆ. ಕೋಳಿಯನ್ನು ಕಾವಿಗೆ ಕೂರಿಸುತ್ತೇವೆ. ಮೂರಕ್ಕೂ ಇಂಗ್ಲಿಷಿನವರು ಬಳಸುವುದು ‘ಸೆಟ್’. ಯಾರೂ ಯಾರಿಂದಲೂ ಕಲಿತದ್ದಲ್ಲ, ಕೈಕೆಲಸ ಒಂದೇ ಆದ್ದರಿಂದ ಮಾತೂ ಒಂದೇ ಆಯಿತು ಎಂದು ನನಗನ್ನಿಸುತ್ತದೆ.

ಎಲ್ಲ ಬಾಗಿಲೂ ಅದಕ್ಕೆ ತೆರೆಯುವುದಿಲ್ಲ. ಅಲಾರಂ ಇಡುತ್ತೇವೆ, ಉರುಳು ಒಡ್ಡುತ್ತೇವೆ, ನೀವು ವರ್ಷಗಟ್ಟಲೆ ಮಾಡಿದಂತೆ ಪ್ರಶ್ನೆಪತ್ರಿಕೆ ತೆಗೆಯುತ್ತೇವೆ. ಹೂವು ಉದುರಿ ‘ಫ್ರೂಟ್ ಸೆಟ್’ ಆಗುವುದಕ್ಕೆ ತೋಟದವರು ಕಾಯಿ ಕಟ್ಟುವುದು ಅನ್ನುತ್ತಾರೆ. ಕೃಷಿ ಲೇಖನವೊಂದರಲ್ಲಿ ‘ಹಣ್ಣಿನ ಸ್ಥಾಪನೆ’ ಎಂದು ಓದಿ ಆ ದಿನವೆಲ್ಲ ಸಂಕಟಪಟ್ಟಿದ್ದೇನೆ. ಹಾಲು ಹೆಪ್ಪುಗಟ್ಟುವುದರಲ್ಲೂ ಅದೇ ‘ಕಟ್ಟು’ ಇದೆ. ನಮ್ಮ ‘ಕಟ್ಟು’ ಏನು ಕಡಿಮೆಯದೇ? ಮನೆ ಕಟ್ಟುತ್ತದೆ, ಕಂದಾಯ ಕಟ್ಟುತ್ತದೆ, ಬುತ್ತಿ ಕಟ್ಟುತ್ತದೆ, ಶೀತವಾದರೆ ಮೂಗೂ ಕಟ್ಟುತ್ತದೆ. ಮೊಮ್ಮಗಳಿಗೆ ಒಂದು ಭಾನುವಾರ ಇದರ ಅರ್ಥಗಳನ್ನು ಎಣಿಸಲು ಹೇಳಿ.

ನೀವು ಹೇಳಿದ ಗಣ ಎರಡನೆಯ ‘ಸೆಟ್’. ಗುಂಪು, ಜೋಡಿ ಎಂಬ ಅರ್ಥದ ಈ ನಾಮಪದ ಬಂದದ್ದು ಹಳೆಯ ಫ್ರೆಂಚಿನ ಮೂಲಕ, ಲ್ಯಾಟಿನ್ನಿನ ‘ಸೆಕ್ಟಾ’ದಿಂದ. ಒಬ್ಬರ ಹಿಂದೆ ನಡೆಯುವವರು, ಅನುಯಾಯಿಗಳು ಎಂದು ಅದರ ಅರ್ಥ. ಬರಬರುತ್ತಾ ಎರಡು ಪದಗಳೂ ಒಂದೇ ರೂಪಕ್ಕೆ ಬಂದು ಬೆರೆತುಹೋದವು. ಸೆಟ್ ದೋಸೆ, ಪಂಪ್‌ಸೆಟ್, ಟೀವಿ ಸೆಟ್ ಎಲ್ಲ ಈ ಮನೆತನದವು. ಗಣಿತದ ಪಠ್ಯಕ್ಕೆ ‘ಗಣ’ ಎಂಬ ಪದ ಆರಿಸಿದವರಿಗೆ ‘ಸೆಕ್ಟಾ’ ನೆನಪಿತ್ತೋ ಇಲ್ಲವೋ, ಪದ ಮಾತ್ರ ಅಚ್ಚುಕಟ್ಟಾಗಿ ಹೊಂದಿದೆ. ಗಣ ಎಂದರೆ ಗುಂಪೂ ಹೌದು, ಶಿವನ ಹಿಂದೆ ನಡೆಯುವ ಪರಿವಾರವೂ ಹೌದು. ಚೌತಿಯ ದಿನ ‘ಗಣಪತಿ ಕೂರಿಸಿದೆವು’ ಅನ್ನುತ್ತೇವೆ. ಗುಂಪಿನ ‘ಸೆಟ್’, ಕೂರಿಸುವ ‘ಸೆಟ್’ ಎರಡೂ ಆ ಪುಟ್ಟ ವಾಕ್ಯದಲ್ಲಿವೆ.

ನನ್ನ ಆತಂಕ ಬೇರೆ ಕಡೆ ಇದೆ. ಸೆಟ್ ದೋಸೆಗೆ ಬೇರೆ ಹೆಸರು ಹುಡುಕಬೇಕಿಲ್ಲ, ಅದು ನಮ್ಮದೇ. ಮನೆಗೆ ತಾರಸಿ ಹಾಕಿಸಿದಾಗ ಮೇಸ್ತ್ರಿ ಕಾಂಕ್ರೀಟಿನ ಮೇಲೆ ಹೆಬ್ಬೆರಳು ಒತ್ತಿ ನೋಡಿ, ‘ಇನ್ನೂ ಸೆಟ್ ಆಗಿಲ್ಲ, ನೀರು ಬಿಡಬೇಡಿ’ ಅಂದರು. ಅದೂ ಸರಿಯಾದ ಬಳಕೆ. ಆದರೆ ‘ಈ ಊರು ನನಗೆ ಸೆಟ್ ಆಗಲಿಲ್ಲ’, ‘ಈ ಬಣ್ಣ ನಿನಗೆ ಸೆಟ್ ಆಗುತ್ತೆ’, ‘ಅಂಗಿ ಸೆಟ್ ಆಯ್ತು’ ಎಂದು ನಮ್ಮ ಕಚೇರಿಯಲ್ಲೂ ದಿನಾ ಕೇಳುತ್ತೇನೆ. ಇಂಗ್ಲಿಷಿನವರು ಹೀಗೆ ಹೇಳುವುದಿಲ್ಲ. ಇದು ನಾವೇ ಕೊಟ್ಟ ಅರ್ಥ, ಕೊಡುವಾಗ ಮೂರು ಕ್ರಿಯಾಪದಗಳನ್ನು ಮೂಲೆಗೆ ತಳ್ಳಿದ್ದೇವೆ. ಊರಾದರೆ ಒಗ್ಗುತ್ತದೆ, ಬಣ್ಣ ಒಪ್ಪುತ್ತದೆ, ಅಂಗಿಯ ಅಳತೆ ಹೊಂದುತ್ತದೆ. ಒಗ್ಗುವುದಕ್ಕೆ ದಿನಗಳು ಬೇಕು, ಒಪ್ಪುವುದು ಕಣ್ಣಿಗೆ ತಕ್ಷಣ ಕಾಣುತ್ತದೆ. ಈ ವ್ಯತ್ಯಾಸ ‘ಸೆಟ್ ಆಗು’ ಎಂಬುದರಲ್ಲಿ ಎಲ್ಲಿದೆ? ಹೊಸ ಪದ ಬಂದದ್ದಕ್ಕೆ ನನಗೆ ಬೇಸರವಿಲ್ಲ, ‘ಒಗ್ಗು’ ಎಂಬುದನ್ನು ಇಪ್ಪತ್ತರ ಹುಡುಗರ ಬಾಯಲ್ಲಿ ಕೇಳಿ ಎಷ್ಟೋ ದಿನವಾಯಿತಲ್ಲ ಎಂಬುದಕ್ಕೆ ಬೇಸರ.

ಸೂರ್ಯಗಣ ಎಂದು ಕೇಳಿದ ಹುಡುಗಿಗೆ ಈ ಸಂಚಿಕೆಯ ಒಂದು ಪ್ರತಿಯನ್ನು ಪ್ರತ್ಯೇಕವಾಗಿ ಕಳಿಸುತ್ತಿದ್ದೇವೆ. ‘ಕಟ್ಟು’ವಿನ ಎಣಿಕೆ ಮುಗಿದ ಮೇಲೆ ಅವಳೇ ನಮಗೆ ಬರೆಯಲಿ.

— ಸಂಪಾದಕ