ಹಕ್ಕಿಗಳ ಮೊಟ್ಟೆಗೆ ಬೇರೆ ಬೇರೆ ಬಣ್ಣ ಯಾಕೆ?

ಚಿಪ್ಪು ಸುಣ್ಣದ್ದು, ಸಹಜ ಬಣ್ಣ ಬಿಳಿ. ತಾಯಿಯ ಹೊಟ್ಟೆಯಲ್ಲೇ ಅದಕ್ಕೆ ಬಣ್ಣ ಬೀಳುತ್ತದೆ, ಮುಖ್ಯವಾಗಿ ಎರಡೇ: ನೀಲಿ-ಹಸಿರಿಗೆ ಬಿಲಿವರ್ಡಿನ್, ಕಂದು-ಕೆಂಪಿಗೆ ಪ್ರೊಟೊಪಾರ್ಫಿರಿನ್.

ಯಾಕೆ ಅಂದ್ರೆ, ಜಾಸ್ತಿ ಪಾಲು ಕಣ್ಣು ತಪ್ಪಿಸೋಕೆ. ಗದಗ ಕಡೆ ಎರೆ ಹೊಲದಲ್ಲಿ ಟಿಟ್ಟಿಭ ನೆಲದ ಮೇಲೇ ಮೊಟ್ಟೆ ಇಡುತ್ತದೆ. ಮಣ್ಣುಬಣ್ಣ, ಮೇಲೆ ಕಪ್ಪು ಮಚ್ಚೆ, ನಾನೊಮ್ಮೆ ಹೆಂಟೆ ಅಂದುಕೊಂಡು ಕಾಲಿಡುವುದರಲ್ಲಿದ್ದೆ, ಹಕ್ಕಿ ತಲೆ ಮೇಲೆ ಕಿರುಚಾಡಿದ್ದಕ್ಕೆ ಉಳಿದವು. ಎದ್ದು ಕಾಣುವ ಮೊಟ್ಟೆ ಕಾಗೆ, ಮುಂಗುಸಿ ಪಾಲಾಗಿ, ಕಾಣದ್ದು ಮರಿಯಾಗುತ್ತ, ತಲೆಮಾರುಗಳಲ್ಲಿ ಆ ಬಣ್ಣವೇ ನಿಂತಿತು. ಪೊಟರೆಯಲ್ಲಿ ಇಡುವ ಗಿಳಿ, ಗೂಬೆಗೆ ಆ ಚಿಂತೆ ಇಲ್ಲ, ಬಿಳಿಯೇ ಸಾಕು. ಆದರೆ ಮೈನಾ ಪೊಟರೆಯಲ್ಲಿಟ್ಟರೂ ನೀಲಿ! ಎಲ್ಲಾ ಒಂದೇ ಲೆಕ್ಕಕ್ಕೆ ಸಿಗೋದಿಲ್ಲ ನೋಡಿ. ಕೋಗಿಲೆಯದು ಬೇರೆಯೇ ಆಟ, ಕಾಗೆ ಗೂಡಲ್ಲಿ ಇಡೋದಲ್ವಾ, ಅದರ ಮೊಟ್ಟೆಯೂ ಸುಮಾರಾಗಿ ಕಾಗೆಯದರಂತೆಯೇ, ಗಾತ್ರ ಮಾತ್ರ ಚಿಕ್ಕದು.